ನಜ್ಮಿಯೆ ಒತ್ತಿದ ಠಸ್ಸೆ

ಕಿಟಕಿಗೆ ಯಾರೇ ಬರಲಿ, ನಜ್ಮಿಯೆ ಮೊದಲು ಪದವಿ ಪತ್ರ ನೋಡುತ್ತಿರಲಿಲ್ಲ, ಪಾಸ್‌ಪೋರ್ಟ್ ನೋಡುತ್ತಿದ್ದಳು. ರಾಜಧಾನಿ ಅಮ್ಮಾನಿನ ಪದವಿ ಮಾನ್ಯತೆ ಕಚೇರಿಯ ಎರಡನೇ ಮಹಡಿಯಲ್ಲಿ ಅವಳ ಕಿಟಕಿ. ಹೊರದೇಶದ ಪದವಿ ಇಲ್ಲೂ ಪದವಿಯೇ ಅನ್ನಿಸಿಕೊಳ್ಳಬೇಕಾದರೆ ಅವಳ ಠಸ್ಸೆ ಬೀಳಬೇಕಿತ್ತು. ಬೀಳದಿದ್ದರೆ ಸರ್ಕಾರಿ ಕೆಲಸವಿಲ್ಲ, ಕಾಲೇಜಿನಲ್ಲಿ ಪಾಠವಿಲ್ಲ, ಹೆಸರಿನ ಮುಂದೆ ಡಾಕ್ಟರ್ ಎಂದು ಕೊರೆಸಿದ ಹಿತ್ತಾಳೆ ಫಲಕವನ್ನು ಬಾಗಿಲಿನಿಂದ ಕಿತ್ತು ಮಂಚದ ಕೆಳಗೆ ತಳ್ಳಬೇಕು. ಓದಿದ ದೇಶದಲ್ಲಿ ಓದಿದಷ್ಟು ಕಾಲ ಇದ್ದಿರಲೇಬೇಕು ಎಂಬುದು ಆಗಿನ ನಿಯಮ. ಹೋಗಿದ್ದಕ್ಕೊಂದು, ಬಂದಿದ್ದಕ್ಕೊಂದು ಮುದ್ರೆ ಪಾಸ್‌ಪೋರ್ಟಿನಲ್ಲಿ ಕಾಣಬೇಕು. ಮನೆಯಲ್ಲಿ ಕೂತು ಕಂಪ್ಯೂಟರಿನ ಮುಂದೆ ಓದಿದ್ದು ಓದೇ ಅಲ್ಲ. ಈ ನಿಯಮ ಬರೆದ ಅಧಿಕಾರಿಗಳೇ ಅದನ್ನು ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ನಜ್ಮಿಯೆ ಹಚ್ಚಿಕೊಂಡಿದ್ದಳು.

ಅವಳಿಗೆ ಆ ಕೆಲಸದಲ್ಲಿ ಒಂದು ರುಚಿಯಿತ್ತು, ಅದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ. ಬಂದವರಿಗೆ ಮೊದಲು ಪೂರ್ತಿ ಮಾತಾಡಲು ಬಿಡುತ್ತಿದ್ದಳು. ಅಪ್ಪನ ಕಾಯಿಲೆ, ತಂಗಿಯ ಮದುವೆ, ಹಗಲು ದುಡಿದು ರಾತ್ರಿ ಓದಿದ ಕಷ್ಟ ಎಲ್ಲವೂ ಹೊರಗೆ ಬರಲಿ. ಅಷ್ಟು ಹೊತ್ತೂ ಸೇಜ್ ಎಲೆ ಹಾಕಿದ ಚಹಾ ಗುಟುಕರಿಸುತ್ತಾ ಪಾಸ್‌ಪೋರ್ಟಿನ ಹಾಳೆ ತಿರುವುತ್ತಿದ್ದಳು. ಮುದ್ರೆಗಳು ಸಾಲದೆ ಬಂದರೆ ಗಾಜಿನ ಕೆಳಗಿನ ಸೀಳಿನಿಂದ ಎಲ್ಲವನ್ನೂ ಹಿಂದಕ್ಕೆ ತಳ್ಳಿ, "ಆಗಲ್ಲಪ್ಪ, ಮುಂದಿನವರು ಬನ್ನಿ" ಅನ್ನುತ್ತಿದ್ದಳು. ಇಲ್ಲ ಅನ್ನುವಾಗ ಬೇರೆಯವರು ಕಣ್ಣು ತಗ್ಗಿಸುತ್ತಾರೆ. ಇವಳು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದಳು, ಎದುರಿನವನ ಮುಖ ಹೇಗೆ ಇಳಿಯುತ್ತದೆ ಎಂದು. ಪಕ್ಕದ ಕಿಟಕಿಯ ಬಸ್ಸಾಮ್, "ನಜ್ಮಿಯೆ ಮೇಡಂ, ಇವತ್ತು ಎಷ್ಟು ಜನ ಡಾಕ್ಟರುಗಳನ್ನ ಕಂಪೌಂಡರ್ ಮಾಡಿದ್ರಿ?" ಎಂದು ಕೇಳಿದರೆ ಅವಳಿಗೆ ಊಟ ಮಾಡಿದಷ್ಟು ತೃಪ್ತಿ.

ಈ ರುಚಿ ಎಲ್ಲಿ ಹತ್ತಿತು ಎಂಬುದು ಅವಳ ಊರು ಸಲ್ತ್‌ಗೆಲ್ಲ ಗೊತ್ತಿದ್ದದ್ದೇ. ಹತ್ತೊಂಬತ್ತಕ್ಕೆ ಅವಳನ್ನು ಗಾಲಿಬ್ ಎಂಬವನಿಗೆ ಕೊಟ್ಟಿದ್ದರು. ಮದುವೆಯಾದ ಚಳಿಗಾಲದಲ್ಲೇ ಅವನು ವೈದ್ಯಕೀಯ ಓದಲು ಬುಖಾರೆಸ್ಟಿಗೆ ಹೋಗುತ್ತೇನೆಂದ. ಅವಳ ಮದುವೆಯ ಬಳೆಗಳು ಅದಕ್ಕೇ ಕರಗಿದವು. ವರ್ಷಗಟ್ಟಲೆ ಕಾಗದ ಬಂತು. ಬೇಸಿಗೆಯಲ್ಲಿ ಗಾಲಿಬನೂ ಬರುತ್ತಿದ್ದ, ಕೋಟು ತೊಟ್ಟು, ಯಾರಾದರೂ ಕೆಮ್ಮಿದರೆ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದ. ಊರು ನಜ್ಮಿಯೆಯನ್ನು ಡಾಕ್ಟರನ ಹೆಂಡತಿ ಎಂದು ಕರೆಯಿತು. ಕಸಾಯಿಯವನು ಒಳ್ಳೆಯ ತುಂಡು ತೆಗೆದಿಡುತ್ತಿದ್ದ, ಮದುವೆ ಮನೆಗಳಲ್ಲಿ ಮುದುಕಿಯರು ಎದ್ದು ಜಾಗ ಬಿಡುತ್ತಿದ್ದರು. ಮಗಳು ಅಬೀರ್ ಹುಟ್ಟಿದ ವರ್ಷ ಆ ಕೋಟನ್ನು ಒಗೆಯಲು ತೆಗೆದಾಗ ಒಳಜೇಬಿನಲ್ಲಿ ಪಾಸ್‌ಪೋರ್ಟ್ ಸಿಕ್ಕಿತು. ಒಂದು ಹಾಳೆಯ ಮೇಲೂ ಒಂದು ಮುದ್ರೆ ಇರಲಿಲ್ಲ. ಮಹಾಶಯ ದೇಶ ಬಿಟ್ಟು ಕದಲಿಯೇ ಇರಲಿಲ್ಲ. ಅಕಾಬಾದ ಬಂದರಿನಲ್ಲಿ ಗುಮಾಸ್ತನಾಗಿದ್ದ, ಅಲ್ಲಿ ಇನ್ನೊಬ್ಬ ಹೆಂಡತಿ, ಮಕ್ಕಳು.

ನಜ್ಮಿಯೆ ಅಳಲಿಲ್ಲ. ಮಾವನ ಮನೆಯಲ್ಲಿ ನೆಂಟರು ತುಂಬಿದ್ದ ಶುಕ್ರವಾರ ಆ ಪಾಸ್‌ಪೋರ್ಟ್ ತಂದು ಎಲ್ಲರೆದುರು ಒಂದೊಂದೇ ಹಾಳೆ ತಿರುವಿ, "ಇದು ಖಾಲಿ. ಇದೂ ಖಾಲಿ" ಎಂದು ಕೊನೆಯ ಹಾಳೆಯವರೆಗೂ ಓದಿದಳು. ಗಾಲಿಬನ ಅಪ್ಪ ಎದೆ ಹಿಡಿದುಕೊಂಡು ಕೂತರೂ ನಿಲ್ಲಿಸಲಿಲ್ಲ. ಗಾಲಿಬನನ್ನು ಓಡಿಸಿದಳು, ಓದು ಮುಗಿಸಿದಳು, ಕೆಲಸ ಹಿಡಿದಳು, ಒಬ್ಬಳೇ ಮಗಳನ್ನು ಸಾಕಿದಳು. ಆದರೆ ಊರು ಬಿಡಲಿಲ್ಲ. ಹಿಂದೆ ಎದ್ದು ಜಾಗ ಕೊಟ್ಟ ಅದೇ ಮುದುಕಿಯರು ಅವಳಿಗೆ ಸುಳ್ಳು ಡಾಕ್ಟರನ ಹೆಂಡತಿ ಎಂದು ಹೆಸರಿಟ್ಟರು. ಸವತಿ ಇದ್ದಾಳೆ ಎಂಬುದು ಕೆಲವು ವರ್ಷ ಚುಚ್ಚಿ ಆರಿಹೋಯಿತು. ಈ ಹೆಸರು ಆರಲಿಲ್ಲ. ತರಕಾರಿ ಅಂಗಡಿಯಲ್ಲಿ ಯಾರಾದರೂ ಪಿಸುಗುಟ್ಟಿದರೆ ಈಗಲೂ ಅವಳ ಕುತ್ತಿಗೆ ಬಿಸಿಯಾಗುತ್ತಿತ್ತು.

ಆ ಕಿಟಕಿಗೆ ಒಂದು ದಿನ ಹನಾದಿ ಬಂದಳು. ಬಂದಳು ಅನ್ನುವುದಕ್ಕಿಂತ ಅವಳ ಅಣ್ಣ ಹೊತ್ತು ತಂದ ಅನ್ನಬೇಕು. ಎಳವೆಯಲ್ಲೇ ಪೋಲಿಯೋದಿಂದ ಎರಡೂ ಕಾಲು ಸೋತವಳು, ಕಚೇರಿಯ ಲಿಫ್ಟ್ ಕೆಟ್ಟಿತ್ತು. ಬ್ರಿಟನ್ನಿನ ಒಂದು ಹಳೆಯ ವಿಶ್ವವಿದ್ಯಾಲಯದಿಂದ, ಮನೆಯಲ್ಲೇ ಕೂತು, ಕಿವುಡ ಮಕ್ಕಳಿಗೆ ಪಾಠ ಹೇಳುವ ವಿದ್ಯೆ ಓದಿದ್ದಳು. ಊರಿನ ಸರ್ಕಾರಿ ಶಾಲೆಯಲ್ಲಿ ಅಂಥ ಮಕ್ಕಳಿದ್ದರು, ಹೇಳಿಕೊಡುವವರು ಇರಲಿಲ್ಲ.

ನಜ್ಮಿಯೆ ಅವಳ ಪತ್ರಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ತಪ್ಪು ಸಿಗಬೇಕೆಂದೇ ನೋಡಿದಳು. ವಿಶ್ವವಿದ್ಯಾಲಯ ಇರುವುದು ನಿಜ, ಅದನ್ನು ಆ ದೇಶದ ಸರ್ಕಾರ ಒಪ್ಪಿರುವುದೂ ನಿಜ. ಪರೀಕ್ಷೆಗಳನ್ನು ಅಮ್ಮಾನಿನಲ್ಲೇ ಕಾವಲಿಟ್ಟು ಬರೆಸಿದ್ದರು. ಎಲ್ಲಿ ಫೋನ್ ಮಾಡಿದರೂ ಉತ್ತರ ನೆಟ್ಟಗೆ ಬಂತು. ನಜ್ಮಿಯೆಗೆ ಸಿಟ್ಟು ಬಂತು.

"ಪಾಸ್‌ಪೋರ್ಟ್ ಕೊಡು."

"ಮಾಡಿಸಿಲ್ಲ ಖಾಲ್ತಿ," ಎಂದಳು ಹನಾದಿ, ಚಿಕ್ಕಮ್ಮನನ್ನು ಕರೆಯುವ ಹಾಗೆ. "ನಾನೆಲ್ಲಿಗೆ ಹೋಗ್ಲಿ ಹೇಳಿ?"

"ಪದವಿಗೆ ಕಾಲು ಬೇಕು ಮಗಳೇ. ಬರೀ ತಲೆ ಹೋಗಿ ಬಂದ್ರೆ ನಾವು ಲೆಕ್ಕಕ್ಕೆ ತಗೊಳ್ಳಲ್ಲ."

ಬಸ್ಸಾಮ್ ಮೂಗಿನಲ್ಲಿ ನಕ್ಕ, ಆಮೇಲೆ ಹುಡುಗಿಯ ಅಣ್ಣನ ತೋಳು ನೋಡಿ ಕಾಗದದೊಳಗೆ ತಲೆ ಹುದುಗಿಸಿದ. ಹನಾದಿಯ ಮುಖ ಇಳಿಯಲಿಲ್ಲ. ಅದೇ ನಜ್ಮಿಯೆಗೆ ಹಿಡಿಸಲಿಲ್ಲ.

"ಬರೀ ಕಾಲು ಹೋಗಿ ಬಂದಿದ್ರೆ?" ಎಂದು ಕೇಳಿದಳು ಹನಾದಿ. "ತಲೆ ಹೋಗದೆ ಕಾಲಷ್ಟೇ ಹೋಗಿ ಬಂದವರನ್ನ ಏನು ಮಾಡ್ತೀರಾ?"

"ಅದು ನಮ್ಮ ಕೆಲಸ, ನಾವು ನೋಡ್ಕೋತೀವಿ. ಮುಂದಿನವರು ಬನ್ನಿ."

ಕಾಲಿನ ಮಾತು ಸಂಜೆಯೊಳಗೆ ಮೂರೂ ಮಹಡಿ ಸುತ್ತಿ ಬಂತು. ಹನಾದಿ ಮೇಲ್ಮನವಿ ಹಿಡಿದು ಮತ್ತೊಮ್ಮೆ ಬಂದಳು. ನಜ್ಮಿಯೆ ಊಟದ ಹೊತ್ತು ಎಂದು ಕಿಟಕಿ ಮುಚ್ಚಿ, ಒಳಗೆ ಕೂತು ನಿಧಾನವಾಗಿ ಕಿತ್ತಳೆ ಸುಲಿದು ತಿಂದಳು. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದವಳು ಕಾದು ಕಾದು ಅಣ್ಣನ ಬೆನ್ನೇರಿ ಇಳಿದು ಹೋದಳು.

ಅದೇ ಚಳಿಗಾಲದಲ್ಲಿ ಬಂದವನು ಮುತಾಸಿಮ್. ಇಸ್ತ್ರಿ ಮಾಡಿದ ಅಂಗಿ, ಕತ್ತರಿಸಿ ತೀಡಿದ ಗಡ್ಡ, ಮಾತಿಗೊಂದು "ಖಾಲ್ತಿ." ಸೈಪ್ರಸ್ಸಿನ ಯಾವುದೋ ಅಂತರ್ಜಾಲ ವಿಶ್ವವಿದ್ಯಾಲಯದ ಡಾಕ್ಟರೇಟ್ ತಂದಿದ್ದ, ಕುಟುಂಬದ ಮನಶ್ಶಾಸ್ತ್ರದಲ್ಲಿ. ಅಂತರ್ಜಾಲ ಎಂಬ ಶಬ್ದಕ್ಕೇ ನಜ್ಮಿಯೆ ಹುಬ್ಬು ಗಂಟಿಕ್ಕಿದಳು. ಅವನು ಗಾಬರಿಯಾಗದೆ ಪಾಸ್‌ಪೋರ್ಟ್ ಮುಂದಿಟ್ಟ. ಮುದ್ರೆಗಳಿಂದ ಅದು ಉಬ್ಬಿಹೋಗಿತ್ತು. ಹೋಗಿದ್ದು ಬಂದಿದ್ದು, ಹೋಗಿದ್ದು ಬಂದಿದ್ದು, ನೀಲಿ, ಕಪ್ಪು, ಒಂದರ ಮೇಲೊಂದು ಹತ್ತಿ ಕೂತಿದ್ದವು.

"ಬೇರೆಯವರು ಮನೇಲಿ ಕೂತು ಓದ್ತಾರೆ ಖಾಲ್ತಿ, ನಂಗದು ಸರಿ ಬರಲಿಲ್ಲ. ಅಲ್ಲೇ ಹೋಗಿ ಮೇಷ್ಟ್ರ ಎದುರಿಗೆ ಕೂತು ಓದಿದೆ. ಸೋಫಾದ ಮೇಲೆ ಮಲಗಿ ಓದೋದೂ ಒಂದು ಓದಾ?"

ನಜ್ಮಿಯೆ ಹಾಳೆ ಹಾಳೆಯನ್ನೂ ಬೆರಳಿನಿಂದ ಸವರಿ ನೋಡಿದಳು. ಗಾಲಿಬನ ಖಾಲಿ ಹಾಳೆಗಳು ಕಂಡ ದಿನದಿಂದ ಅವಳು ಕಾದಿದ್ದ ಪಾಸ್‌ಪೋರ್ಟ್ ಇದು ಅನ್ನಿಸಿತು. ಇನ್ನು ಉಳಿದದ್ದು ಆ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಟ್ಟ ಮಂಡಳಿಯನ್ನು ವಿಚಾರಿಸುವುದು. ಅದರ ಫೋನ್ ನಂಬರು ಪದವಿ ಪತ್ರದ ಬೆನ್ನಲ್ಲೇ ಅಚ್ಚಾಗಿತ್ತು. ಅವಳು ಅದಕ್ಕೇ ಫೋನ್ ಮಾಡಿದಳು. ಮೊದಲ ರಿಂಗಿಗೇ ಒಬ್ಬ ಹೆಂಗಸು ಎತ್ತಿ, ಜೇನಿನಂಥ ದನಿಯಲ್ಲಿ, "ಡಾಕ್ಟರ್ ಮುತಾಸಿಮಾ? ಅವರು ನಮ್ಮ ಹೆಮ್ಮೆ!" ಅಂದಳು. ಠಸ್ಸೆ ಬಿತ್ತು.

ಸಲ್ತ್‌ನಲ್ಲಿ ಯಾವ ಮನೆಯವರೂ ಗಂಡು ನೋಡುವಾಗ ಹೀಗೆ ಮಾಡುವುದಿಲ್ಲ. ಗಂಡಿನ ಬಗ್ಗೆ ಗಂಡು ಹೇಳಿಕೊಟ್ಟವರನ್ನೇ ಹೋಗಿ ಕೇಳುವ ಪೆದ್ದರು ಇಲ್ಲಿಲ್ಲ. ಅವನ ಬೀದಿಯ ಕಿರಾಣಿಯವನು, ಮಸೀದಿಯ ಬಾಗಿಲಲ್ಲಿ ಕೂರುವವರು, ಹಳೆಯ ಬಾಡಿಗೆದಾರ, ಹೀಗೆ ಸುತ್ತಿ ಬಳಸಿ ಕೇಳಿ ಗಂಡಿನ ಜನ್ಮ ಜಾಲಾಡುತ್ತಾರೆ. ನಜ್ಮಿಯೆ ಅದರಲ್ಲಿ ಪಳಗಿದವಳು, ಅವಳ ಮಾತಿನ ಮೇಲೆ ಎಷ್ಟೋ ಸಂಬಂಧಗಳು ಮುರಿದು ಬಿದ್ದಿದ್ದವು. ಒಬ್ಬ ವರನಿಗೆ ಮಾಡುವಷ್ಟು ವಿಚಾರಣೆಯನ್ನು ಆ ವಿಶ್ವವಿದ್ಯಾಲಯಕ್ಕೆ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಮುದ್ರೆಗಳು ಅವಳ ಕಣ್ಣು ಕಟ್ಟಿದ್ದವು.

ವಸಂತದ ಹೊತ್ತಿಗೆ ಮುತಾಸಿಮನ ತಾಯಿ ಮನೆಗೇ ಬಂದಳು, ಅಬೀರಳನ್ನು ಕೇಳಿಕೊಂಡು. ನಜ್ಮಿಯೆಗೆ ನೆಲ ಕಾಣದ ಹಾಗಾಯಿತು. ಸುಳ್ಳು ಡಾಕ್ಟರನ ಹೆಂಡತಿಗೆ ನಿಜವಾದ ಡಾಕ್ಟರ್ ಅಳಿಯ! ಅವಳ ತಮ್ಮ ಅಬು ರಾಕಾನ್ ಮೆತ್ತಗಿನ ಮನುಷ್ಯ, ಅಕ್ಕನ ಎದುರು ಯಾವತ್ತೂ ತಾನಾಗಿ ಒಂದು ತೀರ್ಮಾನ ಮಾಡಿದವನಲ್ಲ. ಅವನೂ ಈ ಸಲ ಬಾಯಿ ಬಿಟ್ಟ.

"ಅಕ್ಕಾ, ಒಂದ್ಸಲ ಅವರ ಬೀದಿಗೆ ಹೋಗಿ ಬರ್ತೀನಿ. ಕಿರಾಣಿಯವನ ಹತ್ರ ಒಂದು ಮಾತು ಕೇಳಿದ್ರೆ ತಪ್ಪೇನು?"

"ನಾನು ತೂಗಿ ಠಸ್ಸೆ ಒತ್ತಿದ ಗಂಡನ್ನ ಕಿರಾಣಿಯವನು ತೂಗಬೇಕಾ? ನಾಚಿಕೆ ಆಗಲ್ವಾ ನಿಂಗೆ?"

ಹಾಗೆ ಪದವಿಯನ್ನು ಗಂಡಿನ ಪಾಸ್‌ಪೋರ್ಟ್ ನೋಡಿ ಒಪ್ಪಿದ್ದಳು, ಗಂಡನ್ನು ಅವನ ಪದವಿ ನೋಡಿ ಒಪ್ಪಿದಳು. ಎರಡನ್ನೂ ಯಾರೂ ಹೊರಗಿನಿಂದ ವಿಚಾರಿಸಲಿಲ್ಲ.

ಅಬೀರ್ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಮದುವೆ ಬೇಡ ಎಂದು ಹಟ ಹಿಡಿದವಳಲ್ಲ, ಆದರೆ ಕಿವಿ ಕಣ್ಣು ನೆಟ್ಟಗಿದ್ದ ಹುಡುಗಿ. ಮುತಾಸಿಮ್ ಮನೆಗೆ ಬಂದ ದಿನ ಚಹಾ ಕೊಡುತ್ತಾ ಕೇಳಿದಳು.

"ಡಾಕ್ಟರೇಟಿಗೆ ಏನು ಬರೆದ್ರಿ?"

"ಕುಟುಂಬದ ಬಗ್ಗೆ."

"ಕುಟುಂಬದ ಬಗ್ಗೆ ಅಂದ್ರೆ ಏನು?"

"ಹೆಂಗಸರು ಜಾಸ್ತಿ ಪ್ರಶ್ನೆ ಕೇಳಿದ್ರೆ ಕುಟುಂಬಕ್ಕೆ ಏನಾಗುತ್ತೆ ಅಂತ."

ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಜ್ಮಿಯೆ ನಕ್ಕಳು. ಬಳಿಕ ಅವನು ಕೈ ತೊಳೆಯುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು, ಅಬೀರಳ ಮಣಿಕಟ್ಟು ಹಿಡಿದು, ನಗುಮುಖದಲ್ಲೇ ಮೆಲ್ಲಗೆ ಹೇಳಿದ. "ಔಷಧಿ ಅಂಗಡಿ ಈ ತಿಂಗಳೇ ಬಿಟ್ಬಿಡು. ಈ ನಾಲಿಗೆಗೆ ಮದ್ದು ನಾನು ಮನೆಯಲ್ಲಿ ಕೊಡ್ತೀನಿ." ಕೈ ಬಿಟ್ಟಾಗ ಬೆರಳುಗಳ ಗುರುತು ಕೆಂಪಾಗಿ ಉಳಿದಿತ್ತು. ಅವರು ಹೋದ ಮೇಲೆ ಅಬೀರ್ ಅದನ್ನು ತಾಯಿಗೆ ತೋರಿಸಿದಳು.

"ಯುಮ್ಮಾ, ಈ ಮನುಷ್ಯನ ಹತ್ರ ಏನೂ ಇಲ್ಲ. ಓದಿದವನು ಒಂದು ಪ್ರಶ್ನೆಗೆ ಹೀಗೆ ಕಚ್ಚಲ್ಲ. ನಂಗೆ ಭಯ ಆಗುತ್ತೆ."

"ಗಂಡಸು ಅಂದ್ಮೇಲೆ ಸ್ವಲ್ಪ ಬಿಗಿ ಇರ್ತಾನೆ. ಓದು ಇದೆಯೋ ಇಲ್ವೋ ನೋಡೋದು ನನ್ನ ಕೆಲಸ. ಅದನ್ನೇ ತಿಂದು ನೀನು ಬೆಳೆದಿದ್ದು."

"ನಿನ್ನ ಮಾತು ನಂಬ್ತೀನಿ," ಎಂದಳು ಅಬೀರ್. "ಅವನ ಪದವಿ ನಿಜ ಅಂತ ನೀನು ಹೇಳ್ತೀಯ, ಅದಕ್ಕೇ ಒಪ್ತೀನಿ. ಸುಳ್ಳಾದ್ರೆ?"

"ಸುಳ್ಳಾದ್ರೆ ಅವರ ಹಿರಿಯರು ಹೆಣ್ಣು ಕೇಳೋಕೆ ಬರೋ ಜಾಹಾದ ದಿನ ಅವರ ಕಾಫಿ ನಾನೇ ನೆಲಕ್ಕೆ ಚೆಲ್ತೀನಿ. ಸಾಕಾ?"

"ಆಣೆ ಮಾಡು."

ನಜ್ಮಿಯೆ ಮಗಳ ತಲೆ ಮುಟ್ಟಿ ಆಣೆ ಮಾಡಿದಳು. ಆ ಗಳಿಗೆಯಲ್ಲಿ ಅವಳು ಸುಳ್ಳಾಡಿರಲಿಲ್ಲ.

ಜಾಹಾ ಬಂದದ್ದು ಶುಕ್ರವಾರ ನಮಾಜಿನ ನಂತರ. ಗಂಡಿನ ಕಡೆಯ ಹಿರಿಯರೆಲ್ಲ ಕಂದು ನಿಲುವಂಗಿ ಹೊದ್ದು ಗಂಡಸರ ಕೋಣೆಯಲ್ಲಿ ಸಾಲಾಗಿ ಕೂತರು. ಅವರ ಮುಖಂಡ ಎದುರಿಗಿಟ್ಟ ಕಾಫಿಯನ್ನು ಮುಟ್ಟದೆ ಹಾಗೇ ಇಡಬೇಕು, ಬಂದ ಕೆಲಸ ಹೇಳಬೇಕು. ಹೆಣ್ಣಿನ ಕಡೆಯ ಹಿರಿಯ, "ಕಾಫಿ ಕುಡಿಯಿರಿ, ಕೇಳಿದ್ದು ನಿಮ್ಮದು" ಅಂದಮೇಲೇ ಎಲ್ಲರೂ ಬಟ್ಟಲು ಎತ್ತಬೇಕು. ಆ ಮಾತು ಬಂದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ, ಬಾರದೆ ಹೋದರೆ ಬಂದವರು ಕಾಫಿ ಬಿಟ್ಟು ಎದ್ದು ಹೋಗುತ್ತಾರೆ, ಊರು ವರ್ಷವಿಡೀ ಅದನ್ನೇ ಅಗಿಯುತ್ತದೆ. ಅಬು ರಾಕಾನ್ ಆ ಮಾತನ್ನೂ ತಾನಾಗಿ ಆಡಲು ಹೆದರಿ ಬೆಳಿಗ್ಗೆಯೇ ಅಕ್ಕನಿಗೆ ಹೇಳಿಟ್ಟಿದ್ದ. "ನಾನು ಕೆಮ್ತೀನಿ. ಒಳಗಿಂದ ನಿನ್ನ ಜಘ್ರೂತ ಕೇಳಿದ ಮೇಲೇ ಕುಡೀರಿ ಅಂತೀನಿ." ಜಘ್ರೂತ ಎಂದರೆ ಹೆಂಗಸರು ನಾಲಿಗೆ ಹೊರಳಿಸಿ ಕೂಗುವ ಸಂಭ್ರಮದ ಕೂಗು. ಸಾಧಾರಣವಾಗಿ ಕಾಫಿ ಕುಡಿದ ಮೇಲೆ ಕೂಗುತ್ತಾರೆ. ಈ ಮನೆಯಲ್ಲಿ ಎಲ್ಲವೂ ನಜ್ಮಿಯೆಯಿಂದಲೇ ಶುರುವಾಗಬೇಕು.

ಅರೆ ತೆರೆದ ಬಾಗಿಲಿನಾಚೆ ಹೆಂಗಸರ ಕೋಣೆ. ಗಂಡಿನ ಕಡೆಯ ಹೆಂಗಸರು ಬಂದು ಕೂತರು. ಕೊನೆಯಲ್ಲಿ ಒಬ್ಬ ಗಂಡಸು ಕೆಮ್ಮುತ್ತಾ ತಲೆ ತಗ್ಗಿಸಿ ಬಂದು, ಬೆನ್ನಮೇಲಿದ್ದವಳನ್ನು ನಜ್ಮಿಯೆಯ ಪಕ್ಕದ ದಿಂಬಿಗೆ ಒರಗಿಸಿ ಹೋದ. ಹನಾದಿ.

"ಇವಳು ನನ್ನ ತಂಗಿ ಮಗಳು, ಪಾಪ," ಎಂದು ಮುತಾಸಿಮನ ತಾಯಿ ಪರಿಚಯ ಹೇಳಿ ಹಲ್ವಾ ತಟ್ಟೆಯ ಕಡೆ ತಿರುಗಿದಳು.

ಹನಾದಿ ದನಿ ತಗ್ಗಿಸಿ ಮಾತಿಗೆ ತೊಡಗಿದಳು. "ಹುಡುಗಿ ನಿಮ್ಮ ಮಗಳು ಅಂತ ಬೆಳಿಗ್ಗೆ ತಾನೇ ಗೊತ್ತಾಯ್ತು ಖಾಲ್ತಿ. ನಮ್ಮ ಮನೇಲಿ ಹೇಳಿದೆ, ಕುಂಟಿಗೆ ಹೊಟ್ಟೆಕಿಚ್ಚು ಅಂದ್ರು. ಅದಕ್ಕೆ ನಿಮಗೇ ಹೇಳ್ತೀನಿ. ಮುತಾಸಿಮನ ವಿಶ್ವವಿದ್ಯಾಲಯ ಅಂತ ಒಂದು ಇಲ್ಲವೇ ಇಲ್ಲ."

"ಏನೇ ಬೊಗಳ್ತಿದ್ದೀಯ?"

"ನಾನು ಸೇರೋ ಮುಂಚೆ ಕಂಪ್ಯೂಟರಿನಲ್ಲಿ ಓದಿಸೋ ಕಡೆಗಳನ್ನೆಲ್ಲ ಜಾಲಾಡಿದ್ದೀನಿ. ಬೇರೆ ದಾರಿ ಇರಲಿಲ್ಲ ನಂಗೆ. ಇವರಿಗೂ ಬರೆದಿದ್ದೆ. ಏನು ಓದಿದ್ದೀಯ ಅಂತ ಕೇಳಲಿಲ್ಲ, ಪರೀಕ್ಷೆ ಅನ್ನಲಿಲ್ಲ. ನಿಮ್ಮ ಬದುಕಿನ ಅನುಭವವೇ ಸಾಕು, ಡಾಕ್ಟರೇಟು ಅಂಚೆಯಲ್ಲಿ ಬರುತ್ತೆ ಅಂದ್ರು. ನನ್ನ ಬದುಕಿನ ಅನುಭವ ಈ ದಿಂಬು ಖಾಲ್ತಿ. ಅವರಿಗೆ ಮಾನ್ಯತೆ ಕೊಟ್ಟಿದ್ದು ಯಾರು ಅಂತ ಕೇಳಿದೆ, ಒಂದು ಮಂಡಳಿ ಹೆಸರು ಹೇಳಿದ್ರು. ಆ ಮಂಡಳಿಯನ್ನ ಯಾರು ಒಪ್ಪಿದ್ದಾರೆ ಅಂತ ಸೈಪ್ರಸ್ ಸರ್ಕಾರಕ್ಕೇ ಬರೆದೆ. ಅಂಥದ್ದು ನಮ್ಮಲ್ಲಿ ಇಲ್ಲ ಅಂತ ಉತ್ತರ ಬಂತು. ವಿಶ್ವವಿದ್ಯಾಲಯದ್ದು, ಮಂಡಳಿಯದ್ದು, ಎರಡು ನಂಬರಿಗೂ ಫೋನ್ ಮಾಡಿದೆ, ಎತ್ತಿದ್ದು ಒಬ್ಬಳೇ ಹೆಂಗಸು." ಅವಳು ನಜ್ಮಿಯೆಯ ಮುಖವನ್ನೇ ನೋಡಿದಳು. "ದನಿ ಜೇನಿನ ಹಾಗಿತ್ತು. ನೀವೂ ಕೇಳಿದ್ದೀರ ಅಲ್ವಾ?"

ನಜ್ಮಿಯೆ ದಿಂಬಿನ ಅಂಚು ಸರಿಪಡಿಸತೊಡಗಿದಳು.

"ಮುದ್ರೆಗಳು ಎಲ್ಲಾ ನಿಜವೇ. ಹಳೇ ಕಾರು ತರೋಕೆ ಹೋಗ್ತಿದ್ದ. ನಮ್ಮ ಬೀದಿಯ ಕಿರಾಣಿಯವನನ್ನ ಕೇಳಿದ್ರೂ ಹೇಳ್ತಿದ್ದ. ಅವನ ಕಾಲು ಹೋಗಿತ್ತು ಖಾಲ್ತಿ, ತಲೆ ಇಲ್ಲೇ ಇತ್ತು."

ಹನಾದಿ ದೇವತೆಯೇನಲ್ಲ. ಆ ಕೊನೆಯ ಮಾತನ್ನು ಅವಳು ಚಳಿಗಾಲದಿಂದ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದಳು, ಹೇಳುವಾಗ ಕಣ್ಣು ಮಿನುಗಿತು. ಆದರೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದು ನಜ್ಮಿಯೆಗೆ ಕೇಳಿದ ಕೂಡಲೇ ಗೊತ್ತಾಯಿತು. ಅಷ್ಟು ವರ್ಷ ಮಾಡಿದ ಕೆಲಸ ಅವಳಿಗೆ ಅಷ್ಟನ್ನಾದರೂ ಕಲಿಸಿತ್ತು.

ಕಾಫಿ ತಟ್ಟೆ ಹಿಡಿದು ಅಬೀರ್ ಪಕ್ಕದಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ಭಯ ಇರಲಿಲ್ಲ, ತಿಂಗಳುಗಳ ನಂತರ ಮೊದಲ ಬಾರಿ ಉಸಿರು ಸರಾಗವಾದಂತೆ ಕಂಡಳು. ಅವಳು ತಟ್ಟೆ ಕೆಳಗಿಟ್ಟು, ಒಂದು ಬಟ್ಟಲು ಎತ್ತಿಕೊಂಡು, ತಾಯಿಯ ಎದುರು ಮಂಡಿಯೂರಿ, ಅದನ್ನು ತುಟಿಗೆ ಮುಟ್ಟಿಸದೆ ಕಾರ್ಪೆಟ್ಟಿನ ಮೇಲಿಟ್ಟಳು. ಗಂಡಸರ ಕೋಣೆಯಲ್ಲಿ ಮುಖಂಡ ಇಟ್ಟ ಹಾಗೆಯೇ ಇಟ್ಟಳು. ಹತ್ತಿರ ಕೂತ ಹೆಂಗಸರು ಇದೇನೋ ಹುಡುಗಾಟವೆಂದು ನಕ್ಕರು. ನಜ್ಮಿಯೆಗೆ ಅರ್ಥವಾಯಿತು. ಮಗಳಿಗೆ ಕೇಳಲು ಒಂದೇ ಒಂದು ವಿಷಯವಿತ್ತು.

ಬಾಗಿಲಿನಾಚೆ ಮುಖಂಡನ ಮಾತು ಮುಗಿಯುತ್ತಾ ಬಂದಿತ್ತು. "ನಿಮ್ಮ ಮಗಳು ಅಬೀರಳನ್ನು ನಮ್ಮ ಮಗ ಡಾಕ್ಟರ್ ಮುತಾಸಿಮನಿಗೆ ಕೇಳಲು ಬಂದಿದ್ದೇವೆ." ಅಬು ರಾಕಾನ್ ಕೆಮ್ಮಿದ.

ನಜ್ಮಿಯೆ ಕೂತಲ್ಲೇ ಕೂತಿದ್ದಳು. ಆಗ ಅವಳ ತಲೆಯಲ್ಲಿ ಮಂಜೇನೂ ಕವಿದಿರಲಿಲ್ಲ, ಹಾಗೆ ಹೇಳಿ ಅವಳನ್ನು ಉಳಿಸುವುದು ಬೇಡ. ಎಲ್ಲವೂ ಸ್ಪಷ್ಟವಾಗಿತ್ತು. ಕಾಫಿ ಚೆಲ್ಲಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಆ ಪದವಿಗೆ ಠಸ್ಸೆ ಒತ್ತಿದ್ದು ಯಾರು ಎಂದು ಕೇಳುತ್ತಾರೆ. ಶುಕ್ರ, ಶನಿಯ ರಜೆ ಮುಗಿದು ಭಾನುವಾರ ಕಚೇರಿ ತೆರೆಯುವ ಹೊತ್ತಿಗೆ ಬಸ್ಸಾಮನ ನಗು ಮೂರೂ ಮಹಡಿ ಸುತ್ತಿರುತ್ತದೆ. ಅವಳು ಮೆಟ್ಟಿಲಿಳಿಸಿ ಕಳಿಸಿದವರೆಲ್ಲ ಮತ್ತೆ ಹತ್ತಿ ಬರುತ್ತಾರೆ. ಗಂಡನೂ ಸುಳ್ಳು ಡಾಕ್ಟರ್, ಅಳಿಯನೂ ಸುಳ್ಳು ಡಾಕ್ಟರ್, ಎರಡನೆಯದಕ್ಕೆ ತಾನೇ ಮುದ್ರೆ ಹಾಕಿದಳಂತೆ ಎಂದು ತರಕಾರಿ ಅಂಗಡಿಯ ಮುದುಕಿಯರು ಸಾಯುವ ತನಕ ಹೇಳುತ್ತಾರೆ. ಕಾಫಿ ಕುಡಿದುಬಿಟ್ಟರೆ ಇದ್ಯಾವುದೂ ಇಲ್ಲ. ಅಬೀರಳಿಗಷ್ಟೇ ಕಷ್ಟ. ಅವಳಿಗಷ್ಟೇ, ಎಂದೇ ನಜ್ಮಿಯೆ ಯೋಚಿಸಿದಳು.

ಅಬು ರಾಕಾನ್ ಮತ್ತೆ ಕೆಮ್ಮಿದ, ಈ ಸಲ ಅಂಗಲಾಚುವ ಹಾಗೆ. ಹೆಂಗಸರೆಲ್ಲ ಮಾತು ನಿಲ್ಲಿಸಿ ನಜ್ಮಿಯೆಯತ್ತ ತಿರುಗಿದರು.

"ಖಾಲ್ತಿ, ನೀವು ಹೇಳದಿದ್ರೆ ನಾನೇ ಎಲ್ಲರ ಮುಂದೆ ಹೇ..." ಎಂದು ಹನಾದಿ ದನಿ ಎತ್ತಿದಳು.

ಅವಳ ಮಾತು ಪೂರ್ತಿಯಾಗಲಿಲ್ಲ. ನಜ್ಮಿಯೆ ತಲೆ ಹಿಂದಕ್ಕೆ ಚೆಲ್ಲಿ, ಬಾಯಿಗೆ ಅಂಗೈ ಅಡ್ಡ ಹಿಡಿದು, ಜಘ್ರೂತ ಕೂಗಿದಳು. ಆ ವಯಸ್ಸಿನ ಗಂಟಲಿನಿಂದ ಅಂಥ ಕೂಗು ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಉಸಿರು ಮುಗಿದರೂ ಬಿಡದೆ, ಮತ್ತೆ ಉಸಿರೆಳೆದು ಮತ್ತೆ ಕೂಗಿದಳು. ಉಳಿದ ಹೆಂಗಸರೂ ಸೇರಿಕೊಂಡರು, ಕೋಣೆ ಕಿವಿ ಗಡಚಿಕ್ಕಿತು. ಹನಾದಿಯ ತುಟಿಗಳು ಆಡುತ್ತಲೇ ಇದ್ದವು, ಪಕ್ಕದವಳಿಗೂ ಕೇಳಿಸಲಿಲ್ಲ. ಆಚೆ ಅಬು ರಾಕಾನನ ದನಿ ನಿರಾಳವಾಗಿ ಎದ್ದಿತು, "ಕಾಫಿ ಕುಡೀರಿ, ಕೇಳಿದ್ದು ನಿಮ್ಮದು!" ಬಟ್ಟಲುಗಳು ಎದ್ದವು. ಗಂಡಸರು ಅಂಗೈ ತೆರೆದು, ಮಾತು ಗಟ್ಟಿಮಾಡುವ ಫಾತಿಹಾ ಪ್ರಾರ್ಥನೆ ಓದಿದರು. ಮುಗಿಯಿತು.

ಹೆಂಗಸರು ಅಬೀರಳನ್ನು ಎಬ್ಬಿಸಿ, ಅಪ್ಪಿ, ಕೆನ್ನೆ ಹಿಂಡಿ, ಮೂಲೆಯಿಂದ ಮೂಲೆಗೆ ಎಳೆದಾಡಿದರು. ಅವಳು ಅತ್ತಿತ್ತ ಎಳೆದ ಕಡೆಗೆಲ್ಲ ಹೋದಳು, ತಾಯಿಯ ಮೇಲಿನಿಂದ ಕಣ್ಣು ಮಾತ್ರ ಕೀಳಲಿಲ್ಲ. ಸಿಹಿ ಕುನಾಫಾ ಬಂತು ಎಂದು ಯಾರೋ ಕೂಗಿದ್ದೇ ತಡ, ಎಲ್ಲರೂ ಅಂಗಳಕ್ಕೆ ನುಗ್ಗಿದರು. ಕೋಣೆಯಲ್ಲಿ ನಜ್ಮಿಯೆ, ಅಣ್ಣನಿಗಾಗಿ ಕಾಯುತ್ತಾ ಕೂತ ಹನಾದಿ, ಮತ್ತು ಬಾಗಿಲ ಬಳಿ ಅಬೀರ್ ಉಳಿದರು.

ನಜ್ಮಿಯೆ ಹನಾದಿಯ ಕಡೆ ಬಾಗಿ, ಕಿಟಕಿಯಲ್ಲಿ ಯಾರೂ ಕೇಳಿರದ ಮೆತ್ತನೆಯ ದನಿಯಲ್ಲಿ ಹೇಳಿದಳು. "ನಿನ್ನ ಪತ್ರಗಳನ್ನ ಭಾನುವಾರ ತಗೊಂಡು ಬಾ ಮಗಳೇ. ಮೇಲೆ ಹತ್ತೋದು ಬೇಡ, ನಾನೇ ಕೆಳಗಿಳಿದು ಬರ್ತೀನಿ. ಪಾಸ್‌ಪೋರ್ಟ್ ಇಲ್ದಿದ್ರೂ ನಡೆಯುತ್ತೆ. ನೀನು ಮಾತ್ರ ಇವತ್ತಿನದ್ದು..."

"ಬೇಡ ಖಾಲ್ತಿ. ನಂದು ನಿಜವಾದ ಪದವಿ. ನಿಮ್ಮ ಠಸ್ಸೆ ಬಿದ್ರೆ ಜನ ಅದನ್ನೂ ಸುಳ್ಳು ಅಂತಾರೆ."

ಅಣ್ಣ ಬಂದು ಬಗ್ಗಿದ. ಹನಾದಿ ಅವನ ಕತ್ತಿಗೆ ತೋಳು ಸುತ್ತಿ ಬೆನ್ನೇರಿದಳು. ಬಾಗಿಲು ದಾಟುವಾಗ ಅಬೀರಳ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟಳು, ಸತ್ತವರ ಮನೆಯಲ್ಲಿ ಉಳಿದವರಿಗೆ ಇಡುವ ಹಾಗೆ.

ಅಬೀರ್ ಒಳಗೆ ಬಂದಳು. ಅವಳಿಟ್ಟ ಬಟ್ಟಲು ಕಾರ್ಪೆಟ್ಟಿನ ಮೇಲೆ ಇಟ್ಟಲ್ಲೇ ಇತ್ತು, ಇಷ್ಟು ಗದ್ದಲದಲ್ಲೂ ಯಾರ ಕಾಲೂ ತಗುಲಿರಲಿಲ್ಲ.

"ಚೆಲ್ತೀನಿ ಅಂದಿದ್ದೆ ಯುಮ್ಮಾ. ನನ್ನ ತಲೆ ಮುಟ್ಟಿ ಹೇಳಿದ್ದೆ."

"ಹೊಸ ಕಾರ್ಪೆಟ್ಟು ಕಣೇ," ಎಂದಳು ನಜ್ಮಿಯೆ. "ಕಲೆ ಹೋಗಲ್ಲ."

ಬಗ್ಗಿ ಬಟ್ಟಲನ್ನು ಎತ್ತಿಕೊಂಡಳು. ಕಾಫಿ ಪೂರ್ತಿ ತಣ್ಣಗಾಗಿತ್ತು. ಒಂದೇ ಗುಟುಕಿಗೆ ತಾನೇ ಕುಡಿದು, ತುಟಿ ಒರೆಸಿಕೊಂಡು, ಖಾಲಿ ಬಟ್ಟಲನ್ನು ಮಗಳ ಕೈಗಿಟ್ಟಳು.

"ಏಲಕ್ಕಿ ಜಾಸ್ತಿ ಆಗಿದೆ. ಹೋಗು, ಮುಖ ತೊಳ್ಕೊಂಡು ಆಚೆ ಹೋಗು. ಡಾಕ್ಟರು ಕಾಯ್ತಿದ್ದಾರೆ."